ನಾನು ಓದದೆ ಬಿಟ್ಟ ಹಾಳೆಗಳು

ದೆವ್ವ ಕಂಡೆ, ಸತ್ತವರ ದನಿ ಕೇಳಿದೆ ಎಂದು ಹೇಳಿಕೊಂಡು ಬರುವವರನ್ನು ನಮ್ಮ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಕೂರಿಸಿಕೊಂಡು ಗೋಳು ಹೊಯ್ದುಕೊಂಡವನು ನಾನು. ಯಾವ ಮರ, ಎಷ್ಟು ಹೊತ್ತು, ಏನು ಕುಡಿದಿದ್ದೆ ಎಂದು ಒಂದೊಂದಾಗಿ ಕೇಳುತ್ತ ಹೋದರೆ ದೆವ್ವ ತಾನಾಗಿಯೇ ಕರಗುತ್ತಿತ್ತು. ಹುಟ್ಟಿದ್ದು ಅಯ್ಯನೋರ, ಎಂದರೆ ಜಂಗಮರ ಮನೆತನದಲ್ಲಿ. ಶ್ರಾವಣದಲ್ಲಿ ಮಠದಲ್ಲಿ ಕೂತು ಪುರಾಣ ಓದುವುದು ಅಪ್ಪನಿಂದ ನನಗೆ ಬಂದ ಕೆಲಸ. ಓದುವವನಿಗೆ ನಂಬಿಕೆ ಇರಲೇಬೇಕೆಂದೇನಿಲ್ಲ, ಗಂಟಲು ಗಟ್ಟಿ ಇದ್ದರೆ ಸಾಕು ಎಂದು ತಮಾಷೆ ಮಾಡುತ್ತಿದ್ದೆ. ಅಂಥವನಿಗೆ ಆದದ್ದನ್ನು ಆದಂತೆಯೇ ಬರೆಯುತ್ತೇನೆ. ನೀವು ನಂಬಬೇಕೆಂಬ ಹಟ ನನಗಿಲ್ಲ. ನಾನೇ ಪೂರ್ತಿ ನಂಬಿಲ್ಲ. ಆದರೆ ಅಲ್ಲಗಳೆಯಲು ಹೋದಾಗಲೆಲ್ಲ ಸೋತಿದ್ದೇನೆ.

ನಮ್ಮೂರು ಹಗರಿಬೊಮ್ಮನಹಳ್ಳಿಯಿಂದ ಹಂಪಸಾಗರದ ಕಡೆಗೆ ಹೋಗುವ ದಾರಿಯಲ್ಲಿದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ತ್ರೀಫೇಸ್ ಕರೆಂಟು ಮಧ್ಯಾಹ್ನ ಹೋದರೆ ಸಂಜೆಯವರೆಗೆ ಮುಖ ತೋರಿಸುತ್ತಿರಲಿಲ್ಲ. ಗಿರಣಿ ನಿಂತರೆ ನನಗೂ ಕೆಲಸವಿಲ್ಲ. ಮೈಮೇಲಿನ ಜೋಳದ ಹಿಟ್ಟು ಕೊಡವಿಕೊಂಡು, ಮನೆಗೆ ಹೋಗಿ ಉಂಡು ಮಲಗುವುದು ರೂಢಿ. ಆ ರೂಢಿ ತಪ್ಪಿಸಿದವಳು ದುರುಗವ್ವ.

ದುರುಗವ್ವ ಕುರಿ ಸಾಕುವ ಮನೆತನದವಳು. ಗಂಡ ಬೀರಪ್ಪ ವರ್ಷದ ಹೆಚ್ಚು ಕಾಲ ಹಿಂಡಿನ ಜೊತೆ ಊರೂರ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬುತ್ತ ತಿರುಗುತ್ತಿದ್ದ. ಇದ್ದ ಒಬ್ಬಳೇ ಮಗಳು ಹನ್ನೆರಡರ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಅದಾದ ಮೇಲೆ ಇವಳಿಗೆ ಕ್ಷಯ ಹತ್ತಿತು. ದೂರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದು, ಜೀವ ಉಳಿಸಿಕೊಂಡು ಊರಿಗೆ ಬಂದಳು. ಆದರೆ ಇಂಜೆಕ್ಷನ್ನುಗಳಿಂದ ಕಿವಿ ಹೋಗುತ್ತ ಬಂದಿದ್ದವು. ಹೀಗಾಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರಂತೆ; ಬೇರೆ ದಾರಿ ಇರಲಿಲ್ಲವಂತೆ. ಅವಳನ್ನು ನೋಡಿಕೊಳ್ಳಲು ಅಕ್ಕ ಕೆಂಚವ್ವ ಬಂದು ಆ ಮನೆಯಲ್ಲೇ ಉಳಿದಿದ್ದಳು.

ಒಂದು ಮಧ್ಯಾಹ್ನ ಕೆಂಚವ್ವ ಗಿರಣಿಗೆ ಬಂದು, ತಂಗಿ ಕರೆಯುತ್ತಾಳೆ, ಬಂದು ಹೋಗಿ ಎಂದಳು. ಹೋದೆ. ದುರುಗವ್ವ ದಿಂಬಿನ ಕೆಳಗಿನಿಂದ ಅಂಗೈಯಗಲದ ತೆಳ್ಳನೆಯ ಪುಸ್ತಕ ತೆಗೆದು ಕೊಟ್ಟಳು. ಯೇಸುವಿನ ಕಥೆ, ಕ್ರೈಸ್ತರು ಸುವಾರ್ತೆ ಎನ್ನುವುದು. ಆಸ್ಪತ್ರೆಯ ನರ್ಸಮ್ಮ ದಿನಾ ಮಂಚದ ಪಕ್ಕ ಕೂತು ಸ್ವಲ್ಪ ಸ್ವಲ್ಪ ಓದಿ ಹೇಳುತ್ತಿದ್ದಳಂತೆ. ಕಥೆ ಮುಗಿಯುವ ಮೊದಲೇ ಇವಳನ್ನು ಊರಿಗೆ ಕಳಿಸಿದರು. ನರ್ಸಮ್ಮ ಪುಸ್ತಕವನ್ನೇ ಕೈಗಿಟ್ಟು ಕಳಿಸಿದಳು. ದುರುಗವ್ವನಿಗೆ ಅಕ್ಷರ ಬಾರದು. ಕೆಂಚವ್ವನಿಗೂ ಅಷ್ಟೆ.

"ಕಿವಿ ಪೂರಾ ಹೋಗೂದ್ರಾಗ ಇದನ್ನ ಕೊನೀತನಕ ಕೇಳಬೇಕ್ರಿ ಅಯ್ನೋರ. ಶ್ರಾವಣದಾಗ ಮಠದ ಹೊರಗ ಕುಂತು ನಿಮ್ಮ ಪುರಾಣ ಕೇಳೀನಿ. ನಿಮ್ಮ ದನಿಯಾಗ ಓದಿದ್ರ ನನಗ ತಿಳೀತೈತಿ" ಎಂದಳು.

ಇಲ್ಲವೆನ್ನಲು ಬಾಯಿ ಬರಲಿಲ್ಲ. ಹೇಗೂ ಕರೆಂಟಿಲ್ಲ. ಮಠದ ಕಟ್ಟೆಯ ಮೇಲೆ ಕೂರುವವರು "ಏನ್ ಅಯ್ನೋರ, ಯಾವಾಗ ಪಾದ್ರಿ ಆಗ್ತೀರಿ?" ಎಂದು ಕಿಚಾಯಿಸಿದರು. ಹೆಂಡತಿಗೆ ಧರ್ಮದ ಚಿಂತೆಗಿಂತ ರೋಗದ ಚಿಂತೆ. ಅಷ್ಟು ಹತ್ತಿರ ಕೂರಬೇಡಿ ಎನ್ನುತ್ತಿದ್ದಳು. ಈಗ ಅಂಟುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ ಎಂದು ನಾನು ಸಮಾಧಾನ ಹೇಳಿದೆ. ಹತ್ತಿರ ಕೂರದೆ ಉಪಾಯವೂ ಇರಲಿಲ್ಲ. ಮೊದಮೊದಲು ಬಾಗಿಲ ಬಳಿ ಕೂತು ಓದಿದರೆ ಕೇಳುತ್ತಿತ್ತು. ಬರಬರುತ್ತ ಚಾಪೆಯನ್ನು ಹಾಸಿಗೆಯ ಪಕ್ಕಕ್ಕೆ ಎಳೆದುಕೊಂಡೆ. ಕೊನೆಗೆ ಅವಳ ಬಲಗಿವಿಯ ಮೇಲೆ ಬಗ್ಗಿ ಓದಬೇಕಾಯಿತು. ಗಿರಣಿಯ ಸದ್ದಿನ ನಡುವೆ ಮಾತಾಡಿ ಮಾತಾಡಿ ನನ್ನ ದನಿ ಮೊದಲೇ ದೊಡ್ಡದು. ನಾನು ಓದಿದ್ದು ಓಣಿಗೆಲ್ಲ ಕೇಳುತ್ತಿತ್ತು, ಅವಳಿಗೊಬ್ಬಳಿಗೆ ಬಿಟ್ಟು.

ಅವಳು ಕೇಳುವ ರೀತಿ ಮಾತ್ರ ನಾನು ಅಲ್ಲಿಯವರೆಗೆ ನೋಡಿರದಂಥದ್ದು. ಮಠದಲ್ಲಿ ಜನ ಪುರಾಣ ಕೇಳುತ್ತ ಹೂಬತ್ತಿ ಹೊಸೆಯುತ್ತಾರೆ, ತೂಕಡಿಸುತ್ತಾರೆ, ಮಗ್ಗುಲಿನವರ ಜೊತೆ ಎರಡು ಮಾತೂ ಆಡುತ್ತಾರೆ. ಇವಳು ಹಸಿದವರು ಉಣ್ಣುವಂತೆ ಕೇಳುತ್ತಿದ್ದಳು. ಮೊದಲ ವಾರ ಅದು ಅವಳಿಗೆ ಕಥೆಯೇ. ಮೀನು ಹಿಡಿಯುವವರು ಬಲೆ ಬಿಟ್ಟು ಅವನ ಹಿಂದೆ ಹೋದರು ಎಂದು ಓದಿದಾಗ, "ಹೆಂಡ್ರು ಮಕ್ಕಳ ಗತಿ ಏನ್ರಿ?" ಎಂದು ಜಗಳಕ್ಕೇ ಬಂದಳು. ಆಮೇಲೆ ಪ್ರಶ್ನೆ ಕಡಿಮೆಯಾದವು. ಬೆಳಿಗ್ಗೆ ಎದ್ದು ಹಿಂದಿನ ದಿನ ಕೇಳಿದ್ದನ್ನು ತಾನೇ ತನಗೆ ಹೇಳಿಕೊಳ್ಳುತ್ತಾಳೆ ಎಂದು ಕೆಂಚವ್ವ ಹೇಳಿದಳು. ಆಮೇಲೊಂದು ದಿನ, ನಾನು ಪುಸ್ತಕ ತೆರೆಯುವ ಮೊದಲೇ ಅವಳು ಕೈಮುಗಿದು ಕಣ್ಣು ಮುಚ್ಚಿದ್ದು ಕಂಡೆ. ನನಗೋ, ಓದುವುದು ಓದುವುದಷ್ಟೇ ಆಗಿತ್ತು. ಅದು ನನ್ನ ಬಾಯಿಂದ ಹೊರಟು ಅವಳೊಳಗೆ ಹೋಗಿ ಬೇರೆಯೇ ಏನೋ ಆಗುತ್ತಿತ್ತು. ನೋಡುತ್ತ ಕೂರುವುದಲ್ಲದೆ ಅದರಲ್ಲಿ ನನ್ನ ಕೈಯದೇನೂ ಇರಲಿಲ್ಲ.

ಒಂದು ಭಾಗವನ್ನು ಅವಳು ಮತ್ತೆ ಮತ್ತೆ ಓದಿಸಿದಳು. ಒಬ್ಬ ದೊಡ್ಡ ಮನುಷ್ಯನ ಮಗಳು ಸತ್ತಿರುತ್ತಾಳೆ, ಹನ್ನೆರಡು ವರ್ಷದವಳು. ಯೇಸು ಹೋಗಿ ಅವಳ ಕೈಹಿಡಿದು ಏಳು ಎನ್ನುತ್ತಾನೆ, ಅವಳು ಎದ್ದು ಓಡಾಡುತ್ತಾಳೆ. ತನ್ನ ಮಗಳ ವಯಸ್ಸೇ ಅಲ್ಲವೇ. ಪ್ರತಿ ಸಲವೂ ಅವಳು ಅತ್ತಳು, ನಾನು ತಲೆ ಎತ್ತದೆ ಓದಿದೆ. ಕಥೆ ಮುಂದೆ ಸಾಗಿ, ಅವನನ್ನು ಹಿಡಿದು ಕಟ್ಟಿ ಒಯ್ಯುವ ಭಾಗ ಬಂದ ದಿನ ದುರುಗವ್ವ ನನ್ನ ಕೈಹಿಡಿದು ನಿಲ್ಲಿಸಿದಳು.

"ಆ ಹುಡುಗೀನ ಇವ ಎಬ್ಬಿಸಿದ. ಇವ ಸತ್ರ ಇವನ್ನ ಯಾರ್ರೀ ಎಬ್ಬಸ್ತಾರ?"

ನಡುವೆ ಒಂದೆರಡು ಕಡೆ, ಮೂರು ದಿನಕ್ಕೆ ಏಳುತ್ತೇನೆ ಎಂದು ಅವನೇ ಹೇಳಿದ್ದನ್ನು ಒಗಟಿನ ಮಾತೆಂದು ದಾಟಿಸಿ ಓದಿದ್ದೆ. ಅವನನ್ನು ಶಿಲುಬೆಗೆ ಏರಿಸಿದರು ಎಂಬುದು ಶಾಲೆಗೆ ಹೋದವರಿಗೆಲ್ಲ ಗೊತ್ತು. ಕಥೆ ಅಲ್ಲಿಗೆ ಮುಗಿಯುತ್ತದೆ ಎಂದೇ ನಾನು ತಿಳಿದಿದ್ದೆ. ಹಾಗೆ ತಿಳಿದದ್ದರಿಂದಲೇ ತೊಡಕು ಶುರುವಾಯಿತು. ಪುರಾಣ ಓದುವ ನಮ್ಮಲ್ಲಿ ಒಂದು ಕಟ್ಟಳೆ ಇದೆ: ಸಾವಿನ ಮೇಲೆ ಪುಸ್ತಕ ಮುಚ್ಚಬಾರದು. ಯಾರಾದರೂ ಮಡಿಯುವ ಭಾಗ ಬಂದರೆ ಅದಕ್ಕೆ ಮೊದಲೇ ಆ ದಿನದ ಓದು ನಿಲ್ಲಿಸಬೇಕು, ಇಲ್ಲವೇ ಅದನ್ನು ದಾಟಿ ಒಂದು ಮದುವೆಯೋ ತೊಟ್ಟಿಲೋ ಬರುವವರೆಗೆ ಓದಿ ಮಂಗಳ ಹಾಡಬೇಕು. ನಮ್ಮಪ್ಪ ಇದನ್ನು ಎಂದೂ ಮೀರಿದವರಲ್ಲ. ಇಲ್ಲಿ ಉಳಿದದ್ದು ಕೊನೆಯ ಕೆಲವೇ ಹಾಳೆ. ದಾಟಿ ಹೋಗಿ ನಿಲ್ಲಲು ಜಾಗವೇ ಇಲ್ಲವಲ್ಲ ಎಂದುಕೊಂಡೆ; ಆ ಹಾಳೆಗಳನ್ನು ತಿರುವಿ ನೋಡುವ ಯೋಚನೆಯೂ ಬರಲಿಲ್ಲ. ಅತ್ತ ಕೆಂಚವ್ವ ನನ್ನನ್ನು ಹೊರಗೆ ಕರೆದು, "ರೋಗಿ ಮಲಗಿದ ಮನಿ ಐತ್ರಿ. ಸಾವು ಓದಿ ಎದ್ದು ಹೋಗಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು. ದಾರಿಯಲ್ಲಿ ಹೋಗುವ ಓದು ಬಲ್ಲವರು ಯಾರನ್ನಾದರೂ ತಂಗಿ ಕರೆದು ಓದಿಸಿಕೊಂಡಾಳು ಎಂದು ಪುಸ್ತಕವನ್ನೂ ನನ್ನ ಕೈಯಲ್ಲೇ ಕೊಟ್ಟು ಕಳಿಸಿದಳು. ನಾನದನ್ನು ಗಿರಣಿಯ ಗಲ್ಲಾಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ.

ಮುಂದಿನ ಕೆಲವು ದಿನ ಪುಸ್ತಕ ಒಯ್ದು ಹಳೆಯ ಭಾಗಗಳನ್ನೇ ಓದಿ, ಮರಳಿ ತಂದು ಪೆಟ್ಟಿಗೆಯಲ್ಲಿಟ್ಟೆ. ಕುರುಡನಿಗೆ ಕಣ್ಣು ಬಂದದ್ದು, ಬಿರುಗಾಳಿ ನಿಂತದ್ದು. ದುರುಗವ್ವ ದಡ್ಡಿಯಲ್ಲ. "ಇದು ಆಗೇತಲ್ರಿ, ಮುಂದಿಂದು ಓದ್ರಿ" ಎನ್ನುತ್ತಿದ್ದಳು. ನಾಳೆ ಓದುತ್ತೇನವ್ವ ಎಂದರೆ, ಆ ಮಾತೂ ಅವಳಿಗೆ ಸರಿಯಾಗಿ ಕೇಳದೆ, ನನ್ನ ತುಟಿಯನ್ನೇ ನೋಡುತ್ತಿದ್ದಳು. ದಿನದಿನಕ್ಕೆ ಅವಳ ಕಿವಿ ಮುಚ್ಚುತ್ತ ಹೋಗುತ್ತಿದ್ದುದು ನನಗೆ ಕಾಣುತ್ತಿತ್ತು. ಓದಿದರೆ ಅಕ್ಕನ ಮಾತು ಮೀರಿದಂತೆ, ಓದದಿದ್ದರೆ ಇವಳು ಕೇಳದೆಯೇ ಉಳಿಯುತ್ತಾಳೆ.

ಅಷ್ಟರಲ್ಲಿ ಗಿರಣಿಯ ಪಟ್ಟಾ ಹರಿಯಿತು. ಅದರ ಅಳತೆಯ ಬೆಲ್ಟು ಹಗರಿಬೊಮ್ಮನಹಳ್ಳಿಯಲ್ಲಿ ಸಿಗಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಗಿರಣಿಗೆ ಬೀಗ ಜಡಿದು, ಕೀಲಿಕೈ ಉಡಿದಾರಕ್ಕೆ ಸಿಕ್ಕಿಸಿಕೊಂಡು, ಕೊಟ್ಟೂರಿನ ಮೇಲೆ ಹರಪನಹಳ್ಳಿಗೆ ಬಸ್ಸು ಹತ್ತಿದೆ. ಅಂಗಡಿಯವನು ಗೋದಾಮಿನಿಂದ ತರಿಸುತ್ತೇನೆಂದು ಇಡೀ ಮಧ್ಯಾಹ್ನ ಬೆಂಚಿನ ಮೇಲೆ ಕೂರಿಸಿದ. ಆ ಹೊತ್ತಿನಲ್ಲಿ ನನಗೆ ಏನಾದರೂ ಆಯಿತೇ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಏನೂ ಆಗಲಿಲ್ಲ. ಕಣ್ಣಿಗೆ ಜೋಂಪು ಹತ್ತಲಿಲ್ಲ, ಮೈ ಜುಮ್ಮೆನ್ನಲಿಲ್ಲ. ಮಂಡಕ್ಕಿ ಮಿರ್ಚಿ ತಿಂದೆ, ಮೆಕ್ಕೆಜೋಳದ ಲಾರಿಗಳು ಹೋಗುವುದನ್ನು ನೋಡಿದೆ, ಅಂಗಡಿಯವನನ್ನು ಮನಸ್ಸಿನಲ್ಲೇ ಬೈದೆ. ಸಂಜೆ ಬೆಲ್ಟು ಹೆಗಲಿಗೇರಿಸಿಕೊಂಡು ಕೊಟ್ಟೂರಿಗೆ ಬಂದರೆ ಮುಂದಕ್ಕೆ ಬಸ್ಸಿಲ್ಲ. ಅಲ್ಲೇ ನೆಂಟರ ಮನೆಯಲ್ಲಿ ಉಳಿದೆ. ನಾಳೆ ಹೋದ ಕೂಡಲೇ ಯಾರು ಏನೇ ಅನ್ನಲಿ, ಆ ಉಳಿದ ಹಾಳೆಗಳನ್ನು ಓದಿಯೇ ತೀರುತ್ತೇನೆ ಎಂದು ನಿರ್ಧಾರ ಮಾಡಿದ್ದು ಅಲ್ಲಿ.

ಬೆಳಿಗ್ಗೆ ಊರಲ್ಲಿ ಬಸ್ಸಿಳಿದು ಗಿರಣಿಯ ಹತ್ತಿರ ಬಂದರೆ ಕೆಂಚವ್ವ ಕಟ್ಟೆಯ ಮೇಲೆ ಕಾದು ಕೂತಿದ್ದಳು. ನನ್ನನ್ನು ಕಂಡದ್ದೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ಅಲ್ರೀ ಅಯ್ನೋರ, ಬ್ಯಾಡ ಬ್ಯಾಡ ಅಂದ್ರೂ ನಿನ್ನಿ ಮಧ್ಯಾಹ್ನ ಬಂದು ಓದೇ ಬಿಟ್ರಲ್ಲ! ನಾ ಹಿತ್ತಲ ಕುರಿ ರೊಪ್ಪದಾಗ ಕಸ ಬಳಿಯಾಕ ಹೋದದ್ದು ನೋಡ್ಕೊಂಡು ಬಂದ್ರೇನು? ಕೈಯೆಲ್ಲ ಹಿಕ್ಕಿ ಆಗಿತ್ತು, ತೊಳಕೊಂಡು ಬರೂದ್ರಾಗ ಎದ್ದು ಹೋಗೀರಿ."

ತಮಾಷೆ ಎಂದುಕೊಂಡೆ. ಆದರೆ ಕೆಂಚವ್ವ ತಮಾಷೆಯ ಹೆಂಗಸಲ್ಲ. ನಾನು ಊರಲ್ಲೇ ಇರಲಿಲ್ಲವಲ್ಲೇ ತಾಯಿ ಎಂದು ಹೆಗಲ ಮೇಲಿನ ಬೆಲ್ಟು ತೋರಿಸಿದೆ. "ನಿಮ್ಮ ದನಿ ನನಗ ಗೊತ್ತಿಲ್ಲೇನ್ರಿ? ಇಷ್ಟು ದಿನ ಕೇಳೀನಿ" ಎಂದು ಮುಖ ತಿರುಗಿಸಿದಳು. ಜೋಳದ ಚೀಲ ಹೊತ್ತು ಬಂದವರು ಇಬ್ಬರು, ಅಯ್ನೋರು ನಿನ್ನೆ ಬಾಗಿಲೇ ತೆರೆದಿಲ್ಲ, ನಾವು ಬಂದು ವಾಪಸು ಹೋದೆವು ಎಂದರು. ಕೆಂಚವ್ವ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು.

ಬೆಲ್ಟನ್ನು ಅಲ್ಲೇ ಎಸೆದು ಅವರ ಮನೆಗೆ ಹೋದೆ. ದುರುಗವ್ವ ಗೋಡೆಗೆ ಒರಗಿ ಕೂತಿದ್ದಳು. ಅಷ್ಟು ದಿನ ಕಾಣದ ಗೆಲುವು ಮುಖದ ಮೇಲಿತ್ತು. ನಾನು ಬಾಯಿ ತೆರೆಯುವ ಮೊದಲೇ ಕೈಮುಗಿದಳು. ತನ್ನ ದನಿ ತನಗೇ ಕೇಳದವರು ಮಾತಾಡುವಂತೆ ಜೋರಾಗಿ ಮಾತಾಡಿದಳು.

"ನಿನ್ನಿ ಓದಿದ್ದು ಒಂದಕ್ಷರ ಬಿಡದಂಗ ಕೇಳಿಸ್ತ್ರಿ. ಗ್ವಾಡಿ ಕಡಿ ಮುಖ ಮಾಡಿ ಮಲಗಿದ್ದೆ, ಮೊದಲಿನ ಕಿವಿ ಬಂದಂಗಾತು. ಈಗ ನೋಡ್ರಿ, ಏನೂ ಕೇಳಸವಲ್ದು. ಚಿಂತಿಲ್ಲ."

ಆಮೇಲೆ ನಾನು ಓದಿದ್ದನ್ನು ನನಗೇ ಹೇಳಿದಳು. ಅವನು ಪ್ರಾಣ ಬಿಟ್ಟದ್ದು, ಬಂಡೆಯಲ್ಲಿ ಕೊರೆದ ಗವಿಯಲ್ಲಿ ಇಟ್ಟು ಬಾಯಿಗೆ ದೊಡ್ಡ ಕಲ್ಲು ಉರುಳಿಸಿದ್ದು. ಹೊತ್ತು ಹುಟ್ಟುವಾಗ ಹೆಂಗಸರು ಸುಗಂಧದ ಎಣ್ಣೆ ಹಿಡಿದು, ಆ ಕಲ್ಲು ಯಾರು ಸರಿಸುತ್ತಾರೆ ಎಂದು ಮಾತಾಡಿಕೊಳ್ಳುತ್ತ ಹೋದದ್ದು. ಹೋಗಿ ನೋಡಿದರೆ ಕಲ್ಲು ಸರಿದಿತ್ತು. ಒಳಗೆ ಬಿಳಿ ಬಟ್ಟೆಯ ಒಬ್ಬ ಹುಡುಗ ಕೂತು, ಅವನಿಲ್ಲಿಲ್ಲ ಎಂದು ಹೇಳಿದ್ದು. "ಎದ್ದಾನಂತ್ರಿ! ಎದ್ದಾನ! ಹಂಗಾದ್ರ ನನ್ನ ಮಗಳನ್ನೂ ಎಬ್ಬಸ್ತಾನ" ಎಂದು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ನಾನಲ್ಲವ್ವ, ನಾನು ಬಂದಿರಲಿಲ್ಲ ಎಂದೆ. ಕಿವಿಗೆ ಬಾಯಿಟ್ಟು ಕೂಗಿದೆ. ಕೇಳಲಿಲ್ಲ. ಕೈ ಅಲ್ಲಾಡಿಸಿ ಇಲ್ಲ ಇಲ್ಲ ಎಂದೆ. ಅದೇನು ದೊಡ್ಡ ಉಪಕಾರವಲ್ಲ ಬಿಡು ಎನ್ನುತ್ತಿದ್ದೇನೆ ಎಂದು ತಿಳಿದು ಅವಳು ಇನ್ನೊಮ್ಮೆ ಕೈಮುಗಿದಳು. ಬರೆದು ತೋರಿಸೋಣವೆಂದರೆ ಅಕ್ಷರ ಬಾರದು. ನನ್ನದಲ್ಲದ ಕೆಲಸಕ್ಕೆ ನಮಸ್ಕಾರ ತೆಗೆದುಕೊಳ್ಳುತ್ತ ಆ ಮನೆಯ ನಡುವೆ ನಿಂತಿದ್ದೆ. ಅಷ್ಟು ಕೈಲಾಗದವನಾಗಿ ನಾನು ಬದುಕಿನಲ್ಲಿ ಇನ್ನೆಂದೂ ನಿಂತಿಲ್ಲ.

ಗಿರಣಿಗೆ ಓಡಿ ಬಂದು ಗಲ್ಲಾಪೆಟ್ಟಿಗೆ ತೆರೆದೆ. ಪುಸ್ತಕ ಇಟ್ಟಲ್ಲೇ ಇತ್ತು, ಮೇಲೆ ಹಿಟ್ಟಿನ ಧೂಳು ಕೂತಿತ್ತು. ಕೊನೆಯ ಹಾಳೆಗಳನ್ನು ನಿಂತಲ್ಲೇ ಕಣ್ಣಾಡಿಸಿ ಓದಿದೆ. ಅವಳು ಹೇಳಿದ್ದು ಹಾಗೆಯೇ ಇತ್ತು. ಕಲ್ಲು, ಹೆಂಗಸರು, ಬಿಳಿ ಬಟ್ಟೆಯ ಹುಡುಗ. ಕಥೆ ಸಾವಿನಲ್ಲಿ ಮುಗಿದಿರಲಿಲ್ಲ. ದಾಟಿ ಹೋಗಿ ನಿಲ್ಲಲು ಜಾಗವಿತ್ತು.

ನನಗೆ ತೋಚಿದ ವಿವರಣೆಗಳನ್ನೆಲ್ಲ ಪರೀಕ್ಷೆ ಮಾಡಿದ್ದೇನೆ. ಆಸ್ಪತ್ರೆಯಲ್ಲಿ ಯಾವಾಗಲೋ ಕಿವಿಗೆ ಬಿದ್ದದ್ದು ಕನಸಾಗಿ ಬಂದಿರಬಹುದು. ಇರಲಿ. ಆದರೆ ತಂಗಿಯ ಕನಸು ರೊಪ್ಪದಲ್ಲಿದ್ದ ಅಕ್ಕನಿಗೆ ಹೇಗೆ ಕೇಳಿತು? ಬೇರೆ ಯಾರೋ ಬಂದು ಓದಿರಬಹುದು ಎಂದು ಓಣಿಯಲ್ಲೆಲ್ಲ ವಿಚಾರಿಸಿದೆ. ಹೊಸಬರು ಯಾರೂ ಬಂದಿರಲಿಲ್ಲ. ಎದುರು ಮನೆಯ ಮುದುಕನಂತೂ "ಬ್ಯಾರೆ ಯಾರ್ ಓದ್ತಾರ? ನೀವ ಓದಾಕ್ಹತ್ತಿದ್ರಿ" ಎಂದು ನನ್ನನ್ನೇ ಹುಚ್ಚನ ಹಾಗೆ ನೋಡಿದ. ಅಲ್ಲಿಗೆ ವಿಚಾರಿಸುವುದನ್ನು ಬಿಟ್ಟೆ. ಮನಸ್ಸು ಅಲ್ಲೇ ಇತ್ತಲ್ಲ, ಹೋಗಿರಬೇಕು ಎಂದಳು ನನ್ನ ಹೆಂಡತಿ. ಮನಸ್ಸಿಗೆ ಗಂಟಲು ಇರುತ್ತದೆಯೇ? ಇರುತ್ತದೆ ಎಂದು ಯಾರಾದರೂ ತೋರಿಸಿಕೊಟ್ಟರೆ ಒಪ್ಪುತ್ತೇನೆ.

ಕ್ಷಯ ವಾಸಿಯಾಗಿ ದುರುಗವ್ವ ಓಡಾಡತೊಡಗಿದಳು. ಕಿವಿ ಮಾತ್ರ ಮರಳಿ ಬರಲಿಲ್ಲ. ಬೋರಿನ ಹತ್ತಿರ, ಸಂತೆಯ ದಾರಿಯಲ್ಲಿ, ಸಿಕ್ಕವರಿಗೆಲ್ಲ ಆ ಕಥೆ ಹೇಳುತ್ತಿದ್ದಳು. ಅವರು ಏನೆನ್ನುತ್ತಾರೆ ಎಂದು ಕೇಳದಿದ್ದುದರಿಂದ ಅವಳಿಗೆ ಸಂಕೋಚವೂ ಇರಲಿಲ್ಲ. ಮೊದಲು ನಕ್ಕವರಲ್ಲಿ ಕೆಲವರು ಕೂತು ಕೇಳತೊಡಗಿದರು. ಹರಪನಹಳ್ಳಿಯಿಂದ ಒಬ್ಬ ಪಾಸ್ಟರು ಸುದ್ದಿ ತಿಳಿದು ಬಂದರು. ವಾರಕ್ಕೊಮ್ಮೆ ಆ ಮನೆಯಲ್ಲಿ ವಾಕ್ಯ ಓದುವುದು, ಪ್ರಾರ್ಥನೆ ಶುರುವಾಯಿತು. ಕೇಳುವವರು ಬೆಳೆದರು, ನಡುವೆ ಏನೂ ಕೇಳದ ದುರುಗವ್ವ ನಗುತ್ತ ಕೂತಿರುತ್ತಿದ್ದಳು. ತನಗೆ ಎಲ್ಲ ಓದಿ ಹೇಳಿದ್ದು ಗಿರಣಿಯ ಅಯ್ನೋರು ಎಂದು ಪ್ರತಿಯೊಬ್ಬರಿಗೂ ನನ್ನನ್ನು ತೋರಿಸುತ್ತಿದ್ದಳು. ಪಾಸ್ಟರಿಗೆ ಒಮ್ಮೆ ನಿಜ ಹೇಳಿದೆ. ದೇವರಿಗೆ ನಿಮ್ಮ ದನಿ ಬೇಕಾಗಿತ್ತು ಎಂದರು ಅವರು. ಬೇಕಿದ್ದರೆ ನನ್ನನ್ನು ಕೇಳಿ ತೆಗೆದುಕೊಳ್ಳಬಹುದಿತ್ತಲ್ಲ ಎಂದೆ. ಅವರು ನಕ್ಕರು. ನಾನು ನಗಲಿಲ್ಲ.

ಕೆಲವು ವರ್ಷಗಳ ನಂತರ ದುರುಗವ್ವ ತೀರಿಕೊಂಡಳು. ಹೊಲದ ಬದುವಿನ ಪಕ್ಕ ಕುಣಿ ತೋಡಿದ್ದರು. ಪಾಸ್ಟರು ಓದಲು ಅಣಿಯಾದಾಗ ಬೀರಪ್ಪ ಅಡ್ಡ ಬಂದು, "ಅಕಿಗೆ ಓದಿದ್ದು ನೀವು. ಇದನ್ನೂ ನೀವ ಓದ್ರಿ" ಎಂದು, ನಾನು ಎಂದೋ ಮರಳಿಸಿದ್ದ ಅದೇ ತೆಳ್ಳನೆಯ ಪುಸ್ತಕವನ್ನು ನನ್ನ ಕೈಗಿಟ್ಟ. ಅಷ್ಟು ಜನರ ನಡುವೆ ಆ ಮನುಷ್ಯನಿಗೆ ಏನು ಹೇಳಲಿ? ಕೊನೆಯ ಹಾಳೆಗಳನ್ನು ತೆರೆದೆ. ಗಿರಣಿಯಲ್ಲಿ ಕಣ್ಣಾಡಿಸಿದ್ದು ಬಿಟ್ಟರೆ ಅದನ್ನು ಬಾಯಿಬಿಟ್ಟು ಓದುತ್ತಿದ್ದುದು ಅದೇ ಮೊದಲು. ಹೆಂಗಸರು ಗವಿಯಿಂದ ಓಡಿಹೋದರು, ಹೆದರಿಕೆಯಿಂದ ಯಾರಿಗೂ ಏನೂ ಹೇಳಲಿಲ್ಲ ಎಂಬಲ್ಲಿಗೆ ಬಂದಾಗ ನನ್ನ ಗಂಟಲು ಕಟ್ಟಿತು. ಎಷ್ಟು ಯತ್ನಿಸಿದರೂ ಮುಂದಿನ ಮಾತು ಹೊರಡಲಿಲ್ಲ. ಕೆಮ್ಮಿದೆ, ಕಣ್ಣು ಒರೆಸಿಕೊಂಡೆ, ಆ ಸಾಲನ್ನು ಮತ್ತೆ ಮೊದಲಿನಿಂದ ಹಿಡಿದು ಓದಿ ಮುಗಿಸಿದೆ.

ಮಣ್ಣು ಹಾಕಿ ಎಲ್ಲರೂ ತಿರುಗಿದ ಮೇಲೆ ಕೆಂಚವ್ವ ನನ್ನ ಪಕ್ಕಕ್ಕೆ ಬಂದಳು. ಅಷ್ಟು ವರ್ಷದಲ್ಲಿ ಆ ಮಧ್ಯಾಹ್ನದ ಮಾತನ್ನು ಅವಳು ಮತ್ತೆ ನನ್ನ ಹತ್ತಿರ ಎತ್ತಿರಲಿಲ್ಲ.

"ಅವತ್ತು ರೊಪ್ಪದಾಗ ನಿಂತು ಕೇಳಿದ್ನಲ್ರಿ, ಅವತ್ತೂ ಇಲ್ಲೇ ನಿಮ್ಮ ಗಂಟಲ ಕಟ್ಟಿತ್ತು. ಹಿಂಗ ಕೆಮ್ಮಿ, ಮತ್ತ ಮೊದಲಿಂದ ಹಿಡದು ಓದಿದ್ರಿ" ಎಂದಳು.

ಕೆಂಚವ್ವ ಸೆರಗು ತಲೆಯ ಮೇಲೆಳೆದುಕೊಂಡು ಮುಂದೆ ನಡೆದಳು.